ಪಾವು

ನನ್ನ ಫೋನಿನಲ್ಲಿ ಎಲ್ಲ ನೆಟ್ಟಗಿತ್ತು:
ಮೇಲೆ ತಾರೀಖು, ನಡುವೆ ಚೀಲದ ಲೆಕ್ಕ,
ಕೆಳಗೆ ಹಸಿರು ಗುಂಡಿ, ಅದರ ಮೇಲೆ ‘ಉಳಿಸು’.
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗೆ
ಮದುವೆ ಪತ್ರಿಕೆ ಹಂಚುವವಳ ಗತ್ತಿನಲ್ಲಿ ಹೋದೆ.

ಗಫೂರ್‌ಸಾಬರ ಫೋನು ಬೀಡಿ ಕಟ್ಟಿಗಿಂತ ತುಸು ದೊಡ್ಡದು.
ಹೊಗೆ ಕುಡಿದ ಕಣ್ಣಿಗೆಂದು ಅಕ್ಷರ ಉಬ್ಬಿಸಿಟ್ಟಿದ್ದಾರೆ.
ಅಲ್ಲಿ ‘ಮಂಡ’ ಒಂದು ಸಾಲು, ‘ಕ್ಕಿ’ ಇನ್ನೊಂದು,
ತಾರೀಖಿನ ಹೆಗಲ ಮೇಲೆ ಚೀಲ ಹತ್ತಿ ಕೂತಿದೆ.
‘ಒತ್ತೋದು ಎಲ್ಲೈತವ್ವಾ?’
ಇತ್ತು, ಗಾಜು ಮುಗಿದ ಮೇಲೆ, ಎಲ್ಲೋ ಕೆಳಗೆ,
ಬಹುಶಃ ಬೂದಿಗುಂಡಿಯಲ್ಲಿ.
ಮೂವತ್ತೆರಡು ಚೀಲ ಲೆಕ್ಕಕ್ಕೆ ಸಿಗದೆ ಹೋದವು.

ಸಾಹುಕಾರ ಚನ್ನವೀರಪ್ಪನವರ ಹೊಸ ಫೋನಿನಲ್ಲಿ
ಚುಕ್ಕಿಗಳು ಸಂತೆ ದಿನದ ಬಸ್ಸಿನ ಹಾಗೆ ಒತ್ತಿ ನಿಂತು
ನಾನು ಎಣಿಸಿ ಕೊಟ್ಟ ನೂರು ಚುಕ್ಕಿಯ ಗುಂಡಿ
ಸಾಸಿವೆಯಾಗಿತ್ತು.
ಉಗುರಿನ ತುದಿಯಲ್ಲಿ ಕೆದಕಿ ‘ಸೊಳ್ಳೇನಾ ಇದು?’ ಎಂದರು.

ಜರಡಿ ಹಿಡಿದಿದ್ದ ಜೈತುನ್‌ಬಿಗೆ ವಿವರಿಸಿದೆ,
ಯಾರಿಗಾದರೂ ವಿವರಿಸಬೇಕಿತ್ತು:
ಒಂದು ಗಾಜಿನಲ್ಲಿ ಚುಕ್ಕಿ ವಿರಳ, ಇನ್ನೊಂದರಲ್ಲಿ ದಟ್ಟ,
ನಾನು ಚುಕ್ಕಿ ಎಣಿಸಿ ಬರೆದೆ, ಅದೇ ತಪ್ಪು.
ಆಕೆ ಪಾವಿಗೆ ಅಕ್ಕಿ ತುಂಬಿ, ಅಂಗೈಲಿ ಗೀರಿ, ಸುರಿದಳು.
ಅದೇ ಪಾವಿಗೆ ಮಂಡಕ್ಕಿ.
‘ಅದ್ರಾಗೆ ಕಾಳು ಜಾಸ್ತಿ, ಇದ್ರಾಗೆ ಕಮ್ಮಿ.
ಪಾವು ಬದ್ಲಾತೇನು?
ಕಾಳು ಎಣಿಸಿ ಮಾರಿದ್ರೆ ಸಂಜೆ ಆಗೋದ್ಯಾವಾಗ?’

ಆ ರಾತ್ರಿ ಚುಕ್ಕಿಯನ್ನೆಲ್ಲ ಅಳಿಸಿ ಪಾವು ಬರೆದೆ.
ಯಾರ ಫೋನಾದರೂ ಸರಿ, ಎಷ್ಟು ಕಾಳಾದರೂ ಹಿಡಿಯಲಿ,
ಗುಂಡಿ ಇಷ್ಟಗಲ.
ಒಂದೇ ಚೀಲದ ಚಿತ್ರವನ್ನು ನಾಲ್ಕು ಅಳತೆಯಲ್ಲಿ ಬಿಡಿಸಿದೆ.
ಅಕ್ಷರ ಉಬ್ಬಿದರೆ ಗೋಡೆ ಸರಿದುಕೊಳ್ಳಲಿ,
ಹಿಡಿಸದ್ದು ಕೆಳಗೆ ಕಾದಿದ್ದು ಬೆರಳು ಕರೆದರೆ ಬರಲಿ.

ಮರುದಿನ ಗುಂಡಿ ಕಂಡಿತು. ಗಫೂರ್‌ಸಾಬರು ಒತ್ತಿದರು.
ಏನೂ ಆಗಲಿಲ್ಲ. ಮತ್ತೆ ಒತ್ತಿದರು.
ಮೂವತ್ತು ವರ್ಷ ಕಾದ ಮರಳು ತಿಂದ ಹೆಬ್ಬೆರಳು:
ಅದು ಬೆರಳೆಂದೇ ಗಾಜಿಗೆ ತಿಳಿಯಲಿಲ್ಲ.
ನಾನು ಓದಿದ ಯಾವ ಪಟ್ಟಿಯಲ್ಲೂ ಈ ಅಳತೆ ಇರಲಿಲ್ಲ.
ಕೊನೆಗೆ ಅವರೇ ಕಿರುಬೆರಳ ಗೆಣ್ಣನ್ನು ಮೆಲ್ಲಗೆ ತಾಗಿಸಿದರು,
ಕೂಸಿನ ಜ್ವರ ನೋಡುವವರ ಹಾಗೆ.
ಉಳಿಯಿತು. ಮೂವತ್ಮೂರು ಚೀಲ.

ಗುಂಡಿಯನ್ನು ಇನ್ನೊಂದು ಚಿಟಿಕೆ ಅಗಲಿಸಬೇಕು
ಅಂದುಕೊಳ್ಳುತ್ತಿದ್ದೆ.
ಅಷ್ಟರಲ್ಲಿ ಮೊಮ್ಮಗ ಫೋನು ಕಿತ್ತುಕೊಂಡು
ಅಡ್ಡ ಹಿಡಿದ.