ಹದಿನಾಲ್ಕು

ಕೋಚಿಂಗ್ ಕ್ಲಾಸಿನವರ ಬ್ಯಾನರು
ಬೆಳಗಾಗೂದ್ರಾಗ ಬೇಕಂತ. ಹತ್ತು ಬೈ ಆರು,
ಮುಳಗುಂದ ನಾಕಾದಾಗ ಕಟ್ಟಾಕ.
ಅಪ್ಪ ಮಷೀನಿಗೆ ಶಾಯಿ ತುಂಬಾಕತ್ತಾನ.
ಕಂಪ್ಯೂಟರ್ ಮುಂದ ನಾನು, ಆರಿದ ಚಾ.

ಮೇ ತಿಂಗಳದಾಗನ ನಕ್ಷೆ ಮಾಡಿಟ್ಟಿದ್ದೆ:
ಐದೈದರ ಮೂರು ಸಾಲು, ಹದಿನೈದು ಮುಖ.
ಕಡೀ ಸಾಲಿನ ನಡುವಿನ ಚೌಕದಾಗ ನನ್ನ ಫೋಟೊ,
ನೀಲಿ ಹಿನ್ನೆಲೆ, ಅವ್ವನ ಕಿವಿಯೋಲೆ.
ಅಪ್ಪಗ ಹೇಳಿರಲಿಲ್ಲ.
ಅವಾ ನೋಡಿದ್ದ.

ನಿನ್ನೆ ಪತ್ರ ಬಂತು, ದೂರದ ಆ ಸಂಸ್ಥೆಯಿಂದ.
ಇಸ್ತ್ರಿ ಮಾಡಿದ ಅಂಗಿಯಂಥಾ ಮಾತು.
ವಿಷಾದ ಅಂದ್ರು. ಬಂದ ಅರ್ಜಿ ಎಷ್ಟಂತ ಲೆಕ್ಕ ಕೊಟ್ರು.
ಇದು ನಿಮ್ಮ ಯೋಗ್ಯತೆಯ ಅಳತೆಯಲ್ಲ ಅಂದ್ರು.
ಮತ್ತ ಯಾತರ ಅಳತಿ?
ಇಂಚುಪಟ್ಟಿ ಹಿಡಕೊಂಡ ಬೆಳದಾಕಿ ನಾನು,
ಇಷ್ಟರ ಕೇಳಬಾರದೇನು?

ಸೋದರಮಾವ ಫೋನಿನಾಗ
ಬಿ.ಎಸ್ಸಿ.ನೂ ಭಾಳ ಚಲೋ ಅಂದ, ಮೂರು ಸಲ.
ಮೂರನೇ ಸಲಕ್ಕ ಅವನ ದನೀನ ಸಣ್ಣಗಾಗಿತ್ತು.

ಹದಿನೈದಕ್ಕ ಚಂದ ಕೂಡತಿತ್ತು.
ಹದಿನಾಲ್ಕಕ್ಕ ಐದೈದು ಕೂಡೂದಿಲ್ಲ,
ಒಂದು ಹಲ್ಲು ಬಿದ್ದಂಗ ಕಾಣತೈತಿ.
ಅಲ್ಲೊಂದು ಹೂಗುಚ್ಛ ಇಟ್ಟು ನೋಡಿದೆ,
ತೀರಿಹೋದವರ ಮುಂದ ಇಟ್ಟಂಗಾತು.
ಕ್ಲಾಸಿನ ಚಿಹ್ನೆ ಇಟ್ಟು ನೋಡಿದೆ.
ಕಡೀಕ ಎಲ್ಲಾ ಅಳಿಸಿ
ಏಳೇಳರ ಎರಡು ಸಾಲು ಮಾಡಿದೆ.
ಈಗ ನೋಡ್ರಿ.
ಇಲ್ಲೊಬ್ಬಾಕಿ ಇದ್ಲು ಅಂತ
ಹುಡುಕಿದ್ರೂ ಸಿಗೂದಿಲ್ಲ.

ಆಮ್ಯಾಲ ಹೆಸರು.
ಅವರು ಕಳಿಸಿದ ಪಟ್ಟಿಯಾಗ: ಮೇದಾ ಅಸುಂಡಿ.
ನನ್ನ ಬೆಂಚಿನಾಕಿ. ಆ ಸಂಸ್ಥೆಗೇ ಹೊಂಟಾಕಿ.
ನನ್ನ ಲಾಗ್ ಟೇಬಲ್ ಇನ್ನೂ ಆಕಿ ಹಂತ್ಯಾಕ ಐತಿ.
ಆಕಿ ದಕಾರದ ಕಾಲಾಗ ಒಂದು ಸೀಳು ಬೇಕು,
ಅಕ್ಕಿಕಾಳಿನಷ್ಟು.
ಬಿಟ್ರ ಯಾರು ಕೇಳ್ತಾರ? ಪಟ್ಟಿ ನಂದಲ್ಲ.
ಒಂದು ತಿಂಗಳ ನಾಕಾದಾಗ, ಬಸ್ಸಿನವರೆಲ್ಲಾ ಓದೂ ಹಂಗ,
ಮೇದಾ, ಮೇದಾ ಅಂತ ಜೋತಾಡ್ಲಿ.

ಒಂದು ನಿಮಿಷ ಬಿಟ್ಟೆ.
ಇನ್ನೊಂದು ನಿಮಿಷ.
ಅಪ್ಪ ಹಿಂದ ಬಂದು ನಿಂತಿದ್ದ. ಏನೂ ಅನ್ನಲಿಲ್ಲ.
ಅಚ್ಚಿನ ಮೊಳಿ ಜೋಡಿಸಿ ಸವದ ಕಣ್ಣು ಅವು,
ತಪ್ಪು ಕಾಣಲಾರದ ಇರತಾವೇನು?
ಬೈದಿದ್ರ ಬಿಟ್ಟೇಬಿಡತಿದ್ದೆ.

ಸೀಳು ಹಚ್ಚಿದೆ. ಮೇಧಾ.
ಮಷೀನು ಒದರಿತು.
ಮುಖದ ಹಿಂದ ಮುಖ ಇಳದ್ವು, ಹಸೀ ಶಾಯಿ ವಾಸನಿ.

ಹಿತ್ತಲದಾಗ ಮಳಿ.
ಹೋದ ವರ್ಷದ ಬ್ಯಾನರು ಕಟಗಿ ಮ್ಯಾಲ ಹೊಚ್ಚೈತಿ,
ರ‍್ಯಾಂಕಿನವರೆಲ್ಲಾ ಮುಖ ಕೆಳಗ ಮಾಡಿ
ಕಟಗಿ ಬೆಚ್ಚಗ ಇಟ್ಟಾರ.
ನಡುವ ನೀರು ನಿಂತು ಜೋಲತಿತ್ತು.
ಕಸಬರಿಗಿ ಹಿಡಿಯಿಂದ ಎತ್ತಿ ಚೆಲ್ಲಿದೆ,
ಅರ್ಧ ನನ್ನ ಮ್ಯಾಲನ ಬಿತ್ತು.

"ಉಂಡೇನು?" ಅಂದ ಅಪ್ಪ.
"ಇಲ್ಲ."
"ನಂದೂ ಆಗಿಲ್ಲ."
ಸ್ವಲ್ಪ ಹೊತ್ತು ಬಿಟ್ಟು, ಚಪ್ಪಲಿ ನೋಡಕೋತ,
"ನಾಳೆ ಒಂದು ಮದುವಿ ಪತ್ರಿಕಿ ಐತಿ. ಕರಡು ನೀ ನೋಡತೀ?"

ನೋಡತೇನಿ ಅಂದೆ.
ನಾಳೆದು ಅಷ್ಟ ಹೇಳೀನಿ.
ನಾಡದ್ದರದು ಯಾರೂ ಕೇಳಬ್ಯಾಡ್ರಿ.