ಆರ್

ಹುಸೇನಬಿ ನದಾಫ, ನಲವತ್ತಾರು, ಬ್ಯಾಡಗಿ.
ಕೆಳದವಡೆ, ಎಡಗಡೆ, ವಸಡಿನ ಸಂದಿ ಏಳು ಮಿಲಿಮೀಟರ್ ಆಳ.
ಸೀಸೆಯ ಚೀಟಿಯಲ್ಲಿ ಇಷ್ಟೇ ಇತ್ತು.
ಉಳಿದದ್ದನ್ನು ಅವಳೇ ಹೇಳಿದಳು,
ಹುಬ್ಬಳ್ಳಿಯ ನಮ್ಮ ಲ್ಯಾಬಿನ ಹೊರಗಿನ ಬೆಂಚಿನಲ್ಲಿ ಕೂತು
ಸೆರಗಿನ ತುದಿಯನ್ನು ತುಟಿಗೆ ಒತ್ತಿಕೊಂಡು:

"ಮೆಣಸಿನಕಾಯಿ ತೊಟ್ಟು ಮುರಿಯಾಕಿ ನಾನು.
ದಿನಾ ಕೆಂಪ ನೋಡೂ ಕಣ್ಣು,
ಉಗುಳಿನ್ಯಾಗ ಕೆಂಪ ಬಂದ್ರ ಏನ್ ಹೊಸಾದು ಅನ್ಕೊಂಡೆ.
ಹಲ್ಲು ಅಳ್ಳಾಡಾಕತ್ತ ಮ್ಯಾಲೆ
ಮೆಡಿಕಲ್‌ನಾವ ಎರಡ ಗುಳಗಿ ಕೊಟ್ಟ.
ಕಡಿಮಿ ಆತು, ಬಿಟ್ಟೆ.
ಮತ್ತ ಬಾತು, ಮತ್ತ ಎರಡು.
ಹಿಂಗ ಮೂರು ವರ್ಷ.
ಪೂರಾ ತಗೊಂಡ್ರ ಒಂದ ದಿನದ ಪಗಾರ ಹೊಕ್ಕೈತ್ರಿ."

ಕಾಗದದ ಕಡ್ಡಿಗೆ ಅಂಟಿದ ಅವಳ ಒಂದು ಚೂರು ಕತ್ತಲೆಯನ್ನು
ಕುರಿರಕ್ತದ ತಟ್ಟೆಯ ಮೇಲೆ ಎಳೆದೆ.
ಗಾಳಿ ತೆಗೆದ ಡಬ್ಬಿಯಲ್ಲಿಟ್ಟು ಬಿಗಿದೆ.
ಉಸಿರು ಬೇಡದ ಜಾತಿ ಅವು,
ಹಲ್ಲಿನ ಬುಡದಲ್ಲಿ ಕದ ಹಾಕಿಕೊಂಡು
ಸಂಸಾರ ಮಾಡುವಂಥವು.
ಏಳನೆಯ ದಿನ ತೆರೆದರೆ
ಎಳ್ಳು ಚೆಲ್ಲಿದಂತೆ ಕರಿ ಚುಕ್ಕಿ.
ಹೇಳಬಾರದು, ಚಂದ ಇತ್ತು.

ಹೊಸ ತಟ್ಟೆಗೆ ಬಳಿದು ಔಷಧದ ಬಿಲ್ಲೆ ಇಟ್ಟೆ,
ಕುಂಕುಮದ ಬೊಟ್ಟಿಗಿಂತ ಸಣ್ಣವು, ಆರು.
ಔಷಧಕ್ಕೆ ಅಂಜುವ ಕ್ರಿಮಿ
ಬಿಲ್ಲೆಯ ಸುತ್ತ ಅಂಗಳ ಬಿಟ್ಟು ಬೆಳೆಯುತ್ತದೆ,
ಸಾರಿಸಿಟ್ಟ ಹಾಗೆ ದುಂಡನೆಯ ಬಯಲು.
ಆ ಬಯಲನ್ನು ಸ್ಕೇಲು ಹಿಡಿದು ಅಳೆಯುವುದು
ಹನ್ನೊಂದು ವರ್ಷದಿಂದ ನನ್ನ ಹೊಟ್ಟೆಪಾಡು.

ಇವಳ ತಟ್ಟೆಯಲ್ಲಿ ನಾಲ್ಕಕ್ಕೆ ಅಂಗಳವೇ ಇಲ್ಲ.
ಬಿಲ್ಲೆಯ ಅಂಚಿಗೇ ಮೈ ಒರಗಿಸಿ ನಿಂತಿದ್ದವು,
ಸಂಜೆ ದುರ್ಗದಬೈಲಿನಲ್ಲಿ
ಗಿರ್ಮಿಟ್ ಗಾಡಿಗೆ ಒರಗಿದ ಮಂದಿಯಂತೆ, ಆರಾಮ.
ಎರಡೆರಡು ಗುಳಿಗೆ, ಮೂರು ವರ್ಷ:
ಸಾಯಲು ಸಾಲದ್ದು, ಕಲಿಯಲು ಸಾಕಾದದ್ದು.
ಕಲಿತದ್ದನ್ನು ನೆರೆಯವಕ್ಕೂ ಕೊಟ್ಟಿರುತ್ತವೆ,
ವಾಟಗದಲ್ಲಿ ಸಕ್ಕರೆ ಕೊಟ್ಟಷ್ಟು ಸಲೀಸಾಗಿ,
ತಮ್ಮ ಕುಲದವಲ್ಲದಿದ್ದರೂ.

ಸೋತ ಔಷಧದ ಮುಂದೆ ವರದಿಯಲ್ಲಿ
ಒಂದೇ ಇಂಗ್ಲಿಷ್ ಅಕ್ಷರ: ಆರ್.
ಬಗ್ಗಲಿಲ್ಲ ಎಂದು ಅರ್ಥ.
ಆರ್. ಆರ್. ಆರ್.
ನಾಲ್ಕನೆಯದಕ್ಕೆ ಪೆನ್ನು ನಿಂತಿತು.
ಸವಣೂರಿನ ಹೈಸ್ಕೂಲಿನಲ್ಲಿ ಕನ್ನಡದ ಮಾಸ್ತರರು
ಹಲಗೆಗೆ ಬೆನ್ನು ಕೊಟ್ಟು ಹೇಳುತ್ತಿದ್ದರು:
ಹಳಗನ್ನಡದಲ್ಲಿ ಆರ್ ಅಂದರೆ ಯಾರು.

ಯಾರು?
ಗಲ್ಲ ಹಿಡಿದು ನಿಂತವಳನ್ನು
ಬರಿಗೈಲಿ ಕಳಿಸಲಾರದ ಮೆಡಿಕಲ್‌ನವನೆ?
ಪಗಾರ ಎಣಿಸಿದವಳೆ?
ನನ್ನ ಬ್ಯಾಗಿನ ಒಳಜೇಬಿನಲ್ಲಿ
ಹೋದ ದೀಪಾವಳಿಯ ಗಂಟಲುನೋವಿನ ಪಟ್ಟಿ ಇದೆ,
ಹತ್ತರಲ್ಲಿ ಆರು ಹಾಗೇ ಕೂತಿವೆ.

ವರದಿ ಒಯ್ಯಲು ಬಂದಳು.
ಡಾಕ್ಟರು ವಸಡಿನ ಅಡಿಗೆ ಕೆರೆದು ತೊಳೆಯುತ್ತಾರೆ,
ಅದೇ ದೊಡ್ಡದು, ಅಂದೆ.
ಗುಳಿಗೆ ಬರೆದುಕೊಟ್ಟರೆ
ನೋವು ನಿಂತರೂ ನಡುವೆ ಬಿಡಬೇಡ.
ಉಗುರಿನ ಸಂದಿಯ ಕೆಂಪು ಹೋಗದ ಬೆರಳು ಮಡಚಿ
ದಿನ ಎಣಿಸಿದಳು.
"ನೀವು ಹಂಗ ಪೂರಾ ತಗೋತೀರೇನ್ರೀ?"

ಹೂಂ, ಅಂದೆ,
ಬ್ಯಾಗಿನ ಜಿಪ್ಪು ಎಳೆಯುತ್ತ.