ಒಳಮಗ್ಗುಲು

ಗುತ್ತಲು ರಸ್ತೆಯ ದರ್ಜಿ ಅಂಗಡಿಯ ಮೇಲೆ
ಬಾಡಿಗೆಯಿಲ್ಲದ ಕೋಣೆ, ಏಳು ಹೊಡೆದರೆ ನಮ್ಮದು.
ಕಿಟಕಿ ತೆರೆದರೆ ಕಾಕಂಬಿ ವಾಸನೆ,
ಮುಚ್ಚಿದರೆ ಸೆಖೆ.

ಮೂರು ಪುಟದ ದೃಶ್ಯ. ನಾನು ಹಸಿರು ಶಾಯಿಯಲ್ಲಿ
ಸಿಟ್ಟು, ದುಃಖ, ಮತ್ತೆ ಸಿಟ್ಟು ಎಂದು
ಅಂಚಿನ ತುಂಬ ಬರೆದು ತಂದಿದ್ದೆ.
ಪುಟ್ಟಮಾದಯ್ಯ ಕನ್ನಡಕ ಹಣೆಗೇರಿಸಿ,
"ಇದು ಹವಾಮಾನ ವರದಿ ಕಣವ್ವ," ಎಂದರು.
"ಅವಳ್ಗೇನು ಬೇಕು, ಅದ್ನ ಹೇಳು."

ಗೊತ್ತಿರಲಿಲ್ಲ.

ಅಂಗಿಯ ಒಳಮಗ್ಗುಲು ತಿರುವುವಂತೆ
ಮಾತು ತಿರುವಿದೆ ಆ ರಾತ್ರಿ:
ಎಲ್ಲಿ ಹೊಲಿಗೆ, ಎಲ್ಲಿ ಗಂಟು,
ಎಲ್ಲಿ ಬಿಚ್ಚಲೆಂದೇ ಹಾಕಿದ ಕಚ್ಚಾ ದಾರ.
ಅಕ್ಕ ತಂಗಿಯನ್ನು ಕೇಳುತ್ತಾಳೆ, "ಊಟ ಆಯ್ತಾ?"
ಐದು ಸಲ.
ಮೊದಲ ಸಲ ಊಟಕ್ಕೇ.
ಮೂರನೆಯದು ಬೀಗದ ಕೈಗೆ.
ಕೊನೆಯದು, ಹೋಗಬೇಡ ಎಂಬುದಕ್ಕೆ.
ಎರಡು, ನಾಲ್ಕು ತಿಳಿಯಲಿಲ್ಲ;
ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿಟ್ಟೆ.

ಬೆಳಗ್ಗೆ ದರ್ಜಿಯ ಸೀಮೆಸುಣ್ಣದ ಬಿಲ್ಲೆ ಕೇಳಿ
ನೆಲದ ಮೇಲೆ ಬಾಗಿಲು ಗೀಚಿದೆ.
ಅಡುಗೆಮನೆಗೆ ಎರಡು ಹೆಜ್ಜೆ. ಸಾಲದು, ಅಳಿಸಿ ಮೂರು.
ಮಂಚ ಎಲ್ಲಿ? ಎರಡು ಸ್ಟೂಲು ಸೇರಿಸಿ.
ತಂಗಿ ಎಲ್ಲಿ ನಿಂತರೆ ಅಕ್ಕನಿಗೆ ಮುಖ ಕಾಣದು?
ನಾನೇ ನಿಂತೆ, ನಾನೇ ಕೂತೆ,
ಮೆಟ್ಟಿಲಲ್ಲಿ ನಿಂತ ಮಹದೇವು ನಕ್ಕ.

ಸಂಜೆ ಇಬ್ಬರೂ ಬಂದರು.
ಜಯಮಣಿ ಚಪ್ಪಲಿ ಬಿಡುತ್ತಾ ಪಂಕಜಳತ್ತ ತಿರುಗಿ
"ಊಟ ಆಯ್ತಾ?" ಎಂದಳು, ಸುಮ್ಮನೆ,
ದೃಶ್ಯ ಇನ್ನೂ ಶುರುವಾಗಿರಲಿಲ್ಲ.
ಪಂಕಜ ಉತ್ತರಿಸದೆ ನೆಲದ ಗೆರೆ ನೋಡಿದಳು,
ದಾಟಲೋ ಬೇಡವೋ ಎಂಬಂತೆ.

ನಾನು ಮೆಲ್ಲಗೆ ಪುಟ ತೆಗೆದು
ನಾಲ್ಕನೆಯದರ ಮುಂದಿನ ಚಿಹ್ನೆ ಹೊಡೆದುಹಾಕಿದೆ.
ಎರಡನೆಯದು ಹಾಗೇ ಇದೆ.